ತಾಲ್ಲೂಕನ್ನು ತೂಗಿದ ತಕ್ಕಡಿ

ಬಸವಕಲ್ಯಾಣ–ಹುಮನಾಬಾದುಗಳಿಂದ ಕಂಡ ವಿದ್ವಾಂಸರ ಮತ್ತು ಸರ್ಕಾರದ ನಂಟು

ರೋಗಿಯ ನಾಡಿ ಹಿಡಿಯಬೇಕಾದವನು ವೈದ್ಯಶಾಸ್ತ್ರ ಓದುತ್ತಾನೆ. ಸೇತುವೆ ಕಟ್ಟಬೇಕಾದವನು ಎಂಜಿನಿಯರಿಂಗ್ ಕಲಿಯುತ್ತಾನೆ. ಊರನ್ನು ನಡೆಸಬೇಕಾದವರು ಏನನ್ನು ಓದಬೇಕು? ನಲ್ಲಿಯ ನೀರಿಗೆ ಎಷ್ಟು ಕರ ಹಾಕಿದರೆ ನ್ಯಾಯ ಎಂಬುದನ್ನು ಪುರಸಭೆಯ ಸದಸ್ಯನಿಗೆ ಯಾರು ಕಲಿಸಬೇಕು? ಲೆಕ್ಕಪತ್ರಕ್ಕೆ ಸಹಿ ಮಾಡುವ ಮುನ್ನ ಯಾವ ಕಲಮನ್ನು ನೋಡಬೇಕೆಂಬುದನ್ನು ಗ್ರಾಮ ಪಂಚಾಯತಿಯ ಹೊಸ ಅಧ್ಯಕ್ಷೆಗೆ ಯಾರು ಹೇಳಿಕೊಡಬೇಕು? ಮತ್ತು ಒಂದು ತಾಲ್ಲೂಕು ನಿಜಕ್ಕೂ ಹಿಂದುಳಿದಿದೆಯೋ, ಹಾಗೆಂದು ಸುಮ್ಮನೆ ಗೊಣಗುತ್ತಿದೆಯೋ ಎಂಬುದನ್ನು ರಾಜಧಾನಿಯಲ್ಲಿ ಕುಳಿತ ಸರ್ಕಾರ ತಿಳಿಯುವುದಾದರೂ ಹೇಗೆ?

ಈ ಪ್ರಶ್ನೆಗಳಿಗೆ ಉತ್ತರವಾಗಿ ಹುಟ್ಟಿದವು ವಿಶ್ವವಿದ್ಯಾಲಯಗಳ ನೆರಳಿನಲ್ಲಿ ಬೆಳೆದ ಆಡಳಿತ ಅಧ್ಯಯನ ಸಂಸ್ಥೆಗಳು. ಅವುಗಳ ಚರಿತ್ರೆಯನ್ನು ಸಾಮಾನ್ಯವಾಗಿ ಬೆಂಗಳೂರು, ಹೈದರಾಬಾದು, ಮೈಸೂರುಗಳಲ್ಲಿ ನಿಂತು ಹೇಳುವುದು ವಾಡಿಕೆ. ಅವು ಯಾರಿಗಾಗಿ ಹುಟ್ಟಿದವೋ ಅಂಥ ಊರಿನಿಂದ ನೋಡಿದರೆ ಅದೇ ಚರಿತ್ರೆ ಬೇರೆ ಬಗೆಯಾಗಿ ಕಾಣುತ್ತದೆ. ಅದಕ್ಕಾಗಿ ಓದುಗರನ್ನು ಬೀದರ್ ಜಿಲ್ಲೆಯ ಎರಡು ಊರುಗಳಿಗೆ ಕರೆದೊಯ್ಯಬೇಕಾಗಿದೆ. ಒಂದು, ಶರಣರ ಬಸವಕಲ್ಯಾಣ. ಇನ್ನೊಂದು, ಪುಣೆ–ಹೈದರಾಬಾದು ಹೆದ್ದಾರಿಯ ಮೇಲಿನ ಹುಮನಾಬಾದು.

ಕಲ್ಯಾಣದ ಪಂಡಿತರು

ವಿದ್ವಾಂಸನು ರಾಜ್ಯದ ಕೆಲಸಕ್ಕೆ ಒದಗುವುದು ಕಲ್ಯಾಣಕ್ಕೆ ಹೊಸದೇನೂ ಅಲ್ಲ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರ ವರೆಗೆ ಇಲ್ಲಿಂದ ರಾಜ್ಯವಾಳಿದನು. ಅವನ ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ತಂದೆಯ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ಅದರ ತತ್ತ್ವವು ಬಂಗಾಳ, ಅಸ್ಸಾಮುಗಳನ್ನು ಬಿಟ್ಟು ಭಾರತದ ಬಹುಭಾಗದ ಕುಟುಂಬಗಳನ್ನು ಶತಮಾನಗಳ ಕಾಲ ಕಟ್ಟಿಹಾಕಿತು. 1810ರಲ್ಲಿ ಕೋಲ್‌ಬ್ರೂಕ್ ಸಾಹೇಬನು ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ನ್ಯಾಯಾಲಯಗಳೂ ಅದನ್ನೇ ಪ್ರಮಾಣವೆಂದು ಹಿಡಿದವು. ಹೈಕೋರ್ಟುಗಳಲ್ಲಿ ಬ್ಯಾರಿಸ್ಟರುಗಳು ವಾದಿಸಿದ ಕಾನೂನಿನ ಬೇರು ಕಲ್ಯಾಣದ ಅರಮನೆಯಲ್ಲಿತ್ತು.

ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ಪಂಡಿತರನ್ನು ಸಾಕಿದ್ದಲ್ಲದೆ ತಾನೇ ಲೇಖನಿ ಹಿಡಿದನು. ಅವನ 'ಮಾನಸೋಲ್ಲಾಸ'ದಲ್ಲಿ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಿವೆ. ಮೊದಲನೆಯದು ರಾಜ್ಯವನ್ನು ಪಡೆಯುವ ಬಗೆಯನ್ನೂ ಎರಡನೆಯದು ಪಡೆದ ರಾಜ್ಯವನ್ನು ಸ್ಥಿರಗೊಳಿಸುವ ಬಗೆಯನ್ನೂ ಹೇಳುತ್ತವೆ. ಅದರ ಬಳಿಕ, ಬಿಜ್ಜಳನ ಕಾಲದಲ್ಲಿ, ರಾಜ್ಯದ ಭಂಡಾರವನ್ನು ನೋಡಿಕೊಂಡ ಬಸವಣ್ಣನವರ ಸುತ್ತ ಅಂಬಿಗನೂ ಮಡಿವಾಳನೂ ಮಾತನಾಡಬಲ್ಲ ಅನುಭವ ಮಂಟಪ ನೆರೆಯಿತು. ಅರಮನೆಯ ವಿದ್ಯೆ ಸಂಸ್ಕೃತದಲ್ಲಿತ್ತು. ಶರಣರ ಮಾತು ಊರಿನ ಮಾತಿನಲ್ಲಿತ್ತು. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯಲ್ಲಿ ಅದು ಮತ್ತೆ ಮತ್ತೆ ಎದುರಾಗುತ್ತದೆ.

ಜಹಗೀರಿನಿಂದ ತಾಲ್ಲೂಕಿಗೆ

ಕಾಲ ಉರುಳಿತು. ರಾಜಧಾನಿಯಾಗಿದ್ದ ಕಲ್ಯಾಣವು ನಿಜಾಮರ ಆಳ್ವಿಕೆಯಲ್ಲಿ ಕಲ್ಯಾಣಿಯ ನವಾಬರ ಜಹಗೀರಾಯಿತು. ಸರ್ಕಾರಿ ಕಾಗದಗಳು ಉರ್ದುವಿನಲ್ಲಿ ನಡೆಯುತ್ತಿದ್ದವು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಭಾರತೀಯ ಭಾಷೆಯೊಂದು ಮೊಟ್ಟಮೊದಲಿಗೆ ವಿಶ್ವವಿದ್ಯಾಲಯದ ಬೋಧನ ಭಾಷೆಯಾಯಿತೆಂದು ದೇಶವೇ ಕೊಂಡಾಡಿತು. ಅದು ಕೊಂಡಾಡತಕ್ಕದ್ದೇ. ಆದರೆ ಆ ಭಾಷೆ ಉರ್ದು. ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುತ್ತಿದ್ದ ಹುಮನಾಬಾದು ಸೀಮೆಯ ಒಕ್ಕಲಿಗನಿಗೆ ತನ್ನ ಹೊಲದ ಕಾಗದವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳುವ ಪಾಡು ತಪ್ಪಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತದ ಆಡಳಿತಕ್ಕೆ ಸೇರಿತು. ಮರುವರ್ಷ ಜಹಗೀರುಗಳು ರದ್ದಾದವು. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯನ್ನೇ ಮೂರು ಪಾಲು ಮಾಡಲಾಯಿತು. ಉದಗೀರ, ನಿಲಂಗ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು; ನಾರಾಯಣಖೇಡ, ಜಹೀರಾಬಾದು ತಾಲ್ಲೂಕುಗಳು ಆಂಧ್ರಕ್ಕೆ ಹೋದವು; ಉಳಿದದ್ದು ಮೈಸೂರು ರಾಜ್ಯಕ್ಕೆ ಬಂತು. ಜಹೀರಾಬಾದು ತಾಲ್ಲೂಕಿನಿಂದಲೂ ನಿರ್ಣಾ ಎಂಬ ಒಂದು ವೃತ್ತವನ್ನು ಮಾತ್ರ ಬಿಡಿಸಿ ಈಚೆಗೆ ಉಳಿಸಿಕೊಳ್ಳಲಾಯಿತು. ಗೆರೆಯನ್ನು ಎಷ್ಟು ಸೂಕ್ಷ್ಮವಾಗಿ ಎಳೆದರೆಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

ಹೊಸ ರಾಜ್ಯವೇನೋ ಹುಟ್ಟಿತು. ಅದರ ಆಡಳಿತ ಒಂದಾಗಿರಲಿಲ್ಲ. ಹಳೆಯ ಮೈಸೂರಿನಲ್ಲಿ ಶಾನುಭೋಗನೆಂದು ಕರೆಯಿಸಿಕೊಂಡವನು ಮುಂಬಯಿಯ ಕಡೆ ಕುಲಕರ್ಣಿ ಅಥವಾ ತಲಾಟಿ, ಹೈದರಾಬಾದಿನ ಕಡೆ ಪಟವಾರಿ. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರು ಎಂಬ ಐದು ಬಗೆಯ ಕಾನೂನುಗಳನ್ನು ಒಂದು ಮಾಡುವುದರಲ್ಲೇ ವರ್ಷಗಳು ಕಳೆದವು. ಗ್ರಾಮ ಪಂಚಾಯತಿಗಳಿಗೆ 1959ರಲ್ಲಿಯೂ ಭೂಕಂದಾಯಕ್ಕೂ ಪುರಸಭೆಗಳಿಗೂ 1964ರಲ್ಲಿಯೂ ರಾಜ್ಯಕ್ಕೆಲ್ಲ ಒಂದೇ ಆದ ಕಾಯಿದೆಗಳಾದವು. ಕನ್ನಡ ರಾಜ್ಯದ ಅಧಿಕೃತ ಭಾಷೆಯೆಂಬ ಕಾಯಿದೆ 1963ರಲ್ಲಿ ಬಂತು. ಉರ್ದು ಕಲಿತು ನೌಕರಿಗೆ ಸೇರಿದ್ದ ಗುಮಾಸ್ತನು ಈಗ ಹೊಸ ಭಾಷೆ, ಹೊಸ ಕಾನೂನು, ಹೊಸ ರಾಜಧಾನಿ ಮೂರಕ್ಕೂ ಒಮ್ಮೆಲೆ ಹೊಂದಿಕೊಳ್ಳಬೇಕಾಯಿತು. ಹುಮನಾಬಾದಿಗೆ ಹಳೆಯ ರಾಜಧಾನಿಯಾದ ಹೈದರಾಬಾದು ಸುಮಾರು 150 ಕಿಲೋಮೀಟರು. ಹೊಸ ರಾಜಧಾನಿ 600 ಕಿಲೋಮೀಟರಿಗೂ ದೂರ.

ಆಳುವವರಿಗೆ ಪಾಠಶಾಲೆ

ಆಡಳಿತಗಾರನಿಗೆ ಪಾಠ ಹೇಳುವ ಕೆಲಸ ವಿಶ್ವವಿದ್ಯಾಲಯದ್ದು ಎಂಬ ಭಾವನೆ ಆ ಹೊತ್ತಿಗಾಗಲೇ ಬೇರೆ ದೇಶಗಳಲ್ಲಿ ಬೇರೂರಿತ್ತು. ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಕಾನೂನಿನ ಅಧ್ಯಾಪಕನಾಗಿದ್ದ ಆಲ್ಬರ್ಟ್ ಕೋಟ್ಸ್ ಎಂಬಾತನು 1931ರಲ್ಲಿ ಚಾಪೆಲ್ ಹಿಲ್ ಎಂಬ ಊರಿನಲ್ಲಿ ಆಡಳಿತ ಶಿಕ್ಷಣಕ್ಕೆಂದೇ ಒಂದು ಸಂಸ್ಥೆಯನ್ನು ತೆರೆದನು. ಪೊಲೀಸರು, ನಗರಸಭೆಯ ಗುಮಾಸ್ತರು, ಕರ ವಸೂಲಿಗಾರರೇ ಅಲ್ಲಿಯ ವಿದ್ಯಾರ್ಥಿಗಳು. 1942ರಲ್ಲಿ ಅದು ವಿಶ್ವವಿದ್ಯಾಲಯದ ಅಂಗವಾಯಿತು.

ನಮ್ಮ ದೇಶದಲ್ಲಿ ನೂರುದ್ದೀನ್ ಅಹಮದ್ ಅವರ ಅಧ್ಯಕ್ಷತೆಯ ಸಮಿತಿಯು 1963ರಲ್ಲಿ ಪೌರ ನೌಕರರ ತರಬೇತಿಯನ್ನು ಕುರಿತು ವರದಿ ಕೊಟ್ಟಿತು. ಊರಿನ ಚರಂಡಿ, ನೀರು, ಬೀದಿದೀಪಗಳ ಹೊಣೆ ಹೊತ್ತವರಿಗೆ ಕ್ರಮವಾದ ಶಿಕ್ಷಣವೇ ಇಲ್ಲವೆಂಬ ಸಂಗತಿ ಸರ್ಕಾರದ ಕಣ್ಣಿಗೆ ಬಿತ್ತು. ಇದರ ಫಲವಾಗಿ ದೇಶದ ಬೇರೆ ಬೇರೆ ಭಾಗಗಳಲ್ಲಿ ಕೇಂದ್ರ ಸರ್ಕಾರದ ನೆರವಿನ ನಗರಾಧ್ಯಯನ ಕೇಂದ್ರಗಳು ತಲೆಯೆತ್ತಿದವು. ದಕ್ಷಿಣಕ್ಕೆ ಒಲಿದದ್ದು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ 1970ರಲ್ಲಿ ಆರಂಭವಾದ ಪ್ರಾದೇಶಿಕ ಕೇಂದ್ರ. ಒಂದು ಕಾಲಕ್ಕೆ ಬೀದರ್ ಸೀಮೆಯ ಸರ್ಕಾರಿ ನೌಕರರನ್ನು ಉರ್ದುವಿನಲ್ಲಿ ತಯಾರು ಮಾಡಿದ ವಿದ್ಯಾಪೀಠವೇ ಈಗ ಹೊಸ ಕಾಲದ ಪೌರಾಡಳಿತವನ್ನು ಕಲಿಸುವ ಕೆಲಸ ಹೊತ್ತಿತು.

ಎರಡು ವರ್ಷಗಳ ಬಳಿಕ, 1972ರಲ್ಲಿ, ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆ ಸ್ಥಾಪನೆಯಾಯಿತು. ಸ್ಥಾಪಿಸಿದವರು ಡಾ. ವಿ. ಕೆ. ಆರ್. ವಿ. ರಾವ್. ದೆಹಲಿಯ ಅರ್ಥಶಾಸ್ತ್ರ ಶಾಲೆಯನ್ನು ಕಟ್ಟಿದವರು, ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿ ಕೇಂದ್ರದ ಮಂತ್ರಿಯಾಗಿದ್ದವರು. ಪದವಿಯನ್ನು ಬಿಟ್ಟು ಬಂದು ಅವರು ಕೈಗೆತ್ತಿಕೊಂಡ ಕೆಲಸ ಇದು. ನಾಗರಬಾವಿಯ ಈ ಸಂಸ್ಥೆಗೆ ರಾಜ್ಯ ಸರ್ಕಾರದ ನೆರವೂ ಭಾರತೀಯ ಸಮಾಜ ವಿಜ್ಞಾನ ಸಂಶೋಧನ ಮಂಡಲಿಯ ನೆರವೂ ದೊರೆಯಿತು. ಇಲ್ಲಿಯ ಸಂಶೋಧಕರಿಗೆ ಡಾಕ್ಟರೇಟ್ ಪದವಿ ಕೊಟ್ಟದ್ದು ಮೈಸೂರು ವಿಶ್ವವಿದ್ಯಾಲಯ. ಒಕ್ಕಲುತನ, ಜನಸಂಖ್ಯೆ, ವಿಕೇಂದ್ರೀಕರಣ—ಸರ್ಕಾರಕ್ಕೆ ನಿತ್ಯವೂ ಬೇಕಾಗುವ ವಿಷಯಗಳಿಗೆ ಪ್ರತ್ಯೇಕ ವಿಭಾಗಗಳಾದವು.

ಅದೇ ವರ್ಷಗಳಲ್ಲಿ ಬೀದರಿನ ನೆರೆಯಲ್ಲಿಯೂ ಉನ್ನತ ವಿದ್ಯೆಯ ಬೀಜ ಬಿತ್ತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1970ರಲ್ಲಿ ಕಲಬುರ್ಗಿಯಲ್ಲಿ ಸ್ನಾತಕೋತ್ತರ ಕೇಂದ್ರವನ್ನು ತೆರೆಯಿತು. ಹತ್ತು ವರ್ಷಗಳ ಮೇಲೆ ಅದೇ ಗುಲ್ಬರ್ಗಾ ವಿಶ್ವವಿದ್ಯಾಲಯವಾಯಿತು.

ನಜೀರ್ ಸಾಬರ ಪ್ರಯೋಗ

ಅಧ್ಯಯನಕ್ಕೆ ತಕ್ಕ ವಸ್ತುವೊಂದನ್ನು ಕರ್ನಾಟಕವೇ ಒದಗಿಸಿತು. ಅಬ್ದುಲ್ ನಜೀರ್ ಸಾಬರು ಗ್ರಾಮೀಣಾಭಿವೃದ್ಧಿ ಮಂತ್ರಿಗಳಾಗಿದ್ದಾಗ 1983ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಮಸೂದೆ ಅಂಗೀಕಾರವಾಯಿತು. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಸ್ಥಾನಗಳಲ್ಲಿ ಕಾಲುಭಾಗ ಮಹಿಳೆಯರಿಗೆ ಮೀಸಲು. ಜಿಲ್ಲೆಯ ಶಾಲೆ, ಆಸ್ಪತ್ರೆ, ಕುಡಿಯುವ ನೀರು ಎಲ್ಲವೂ ಚುನಾಯಿತರ ಕೈಗೆ ಬಂದವು.

ಹೊಸ ಏರ್ಪಾಡು ಹೇಗೆ ನಡೆದಿದೆ ಎಂಬುದನ್ನು ತೂಗಿ ನೋಡಲು ರಿಸರ್ವ್ ಬ್ಯಾಂಕಿನ ಉಪ ಗವರ್ನರ್ ಆಗಿದ್ದ ಅರ್ಥಶಾಸ್ತ್ರಜ್ಞ ಕೆ. ಎಸ್. ಕೃಷ್ಣಸ್ವಾಮಿಯವರ ಸಮಿತಿಯನ್ನು ಸರ್ಕಾರ ನೇಮಿಸಿತು. ಅದರ ವರದಿ 1989ರಲ್ಲಿ ಹೊರಬಂತು. ದೇಶವಿದೇಶಗಳ ವಿದ್ವಾಂಸರೂ ಹಳ್ಳಿಗಳನ್ನು ಸುತ್ತಿದರು. ಊರವರೇ ಆರಿಸಿದ ಸದಸ್ಯನು ಕಣ್ಣಿಟ್ಟಿರುವಾಗ ಶಾಲೆಯ ಮಾಸ್ತರರೂ ಆಸ್ಪತ್ರೆಯ ವೈದ್ಯರೂ ಹೆಚ್ಚು ನಿಯಮಿತವಾಗಿ ಕೆಲಸಕ್ಕೆ ಬರತೊಡಗಿದರೆಂಬುದು ಅವರು ಕಂಡ ಮುಖ್ಯ ಸಂಗತಿಗಳಲ್ಲೊಂದು. 1993ರಲ್ಲಿ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ಇಡೀ ದೇಶದಲ್ಲಿ ಪಂಚಾಯತಿ, ಪೌರಸಂಸ್ಥೆಗಳಿಗೆ ಭದ್ರವಾದ ಸ್ಥಾನ ಕೊಟ್ಟಾಗ ಕರ್ನಾಟಕದ ಈ ಅನುಭವ ಹಿನ್ನೆಲೆಯಲ್ಲಿತ್ತು. ಅದನ್ನು ನೋಡಲು ನಜೀರ್ ಸಾಬರು ಇರಲಿಲ್ಲ, 1988ರಲ್ಲಿಯೇ ತೀರಿಕೊಂಡಿದ್ದರು.

ಒಂದು ಅಂಕಿಯ ಮಹಿಮೆ

ಇಷ್ಟಾದರೂ ಬಸವಕಲ್ಯಾಣ, ಹುಮನಾಬಾದುಗಳ ದೂರು ಹಾಗೇ ಉಳಿದಿತ್ತು. 'ನಮ್ಮ ಕಡೆ ಏನೂ ಆಗಿಲ್ಲ' ಎಂಬ ಮಾತನ್ನು ಬೀದರಿನವರು ಹೇಳುತ್ತಲೇ ಬಂದಿದ್ದರು. ದೂರುವವರ ಕೈಯಲ್ಲಿ ಲೆಕ್ಕವಿರಲಿಲ್ಲ. ಲೆಕ್ಕವಿಲ್ಲದ ದೂರನ್ನು ಕೇಳಿಸಿಕೊಳ್ಳುವುದೂ ಸುಲಭ, ಮರೆಯುವುದೂ ಸುಲಭ.

2000ದಲ್ಲಿ ಸರ್ಕಾರವು ಪ್ರಾದೇಶಿಕ ಅಸಮತೋಲನದ ನಿವಾರಣೆಗೆಂದು ಉನ್ನತಾಧಿಕಾರ ಸಮಿತಿಯೊಂದನ್ನು ರಚಿಸಿತು. ಅಧ್ಯಕ್ಷರು ಡಾ. ಡಿ. ಎಂ. ನಂಜುಂಡಪ್ಪ. ಧಾರವಾಡದಲ್ಲಿ ಅರ್ಥಶಾಸ್ತ್ರ ಕಲಿಸಿ, ಕರ್ನಾಟಕ ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳ ಕುಲಪತಿಗಳಾಗಿ, ಸರ್ಕಾರದ ಯೋಜನಾ ಕಾರ್ಯದಲ್ಲಿಯೂ ನುರಿತವರು. ತರಗತಿ ಮತ್ತು ಸಚಿವಾಲಯ ಎರಡನ್ನೂ ಬಲ್ಲ ಇಂಥವರ ಕೈಗೆ ಕೆಲಸ ಸಿಕ್ಕಿದ್ದು ಒಳ್ಳೆಯದೇ ಆಯಿತು.

ಸಮಿತಿ ಮಾಡಿದ ಜಾಣತನದ ಕೆಲಸವೆಂದರೆ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ತಕ್ಕಡಿಗೆ ಹಾಕಿದ್ದು. ಜಿಲ್ಲೆಯ ಸರಾಸರಿ ಎಂಬುದು ಮೋಸದ ಕನ್ನಡಿ. ಜಿಲ್ಲಾ ಕೇಂದ್ರದ ಕಾಲೇಜು, ಆಸ್ಪತ್ರೆ, ಬ್ಯಾಂಕುಗಳು ದೂರದ ತಾಲ್ಲೂಕಿನ ಕೊರತೆಯನ್ನು ಮುಚ್ಚಿಬಿಡುತ್ತವೆ. ಸಮಿತಿಯು ಒಕ್ಕಲುತನ, ಕೈಗಾರಿಕೆ, ಮೂಲ ಸೌಕರ್ಯ, ಹಣಕಾಸು, ಶಿಕ್ಷಣ, ಆರೋಗ್ಯ ಮೊದಲಾದವಕ್ಕೆ ಸಂಬಂಧಿಸಿದ 35 ಸೂಚಕಗಳನ್ನು ಆರಿಸಿ, ಅಂದಿನ 175 ತಾಲ್ಲೂಕುಗಳಿಗೂ ಒಂದೊಂದು ಅಂಕಿಯನ್ನು ಗೊತ್ತುಮಾಡಿತು. ರಾಜ್ಯದ ಸರಾಸರಿ 1 ಎಂದಿಟ್ಟುಕೊಂಡರೆ ಅದಕ್ಕೆ ಸಮನಾದ, ಮೇಲಾದ ತಾಲ್ಲೂಕು ಮುಂದುವರಿದದ್ದು; ಕೆಳಗಿನದು ಹಿಂದುಳಿದದ್ದು. 0.89ರಿಂದ 0.99ರ ವರೆಗೆ ಹಿಂದುಳಿದವು, 0.80ರಿಂದ 0.88ರ ವರೆಗೆ ಅತಿ ಹಿಂದುಳಿದವು, 0.53ರಿಂದ 0.79ರ ವರೆಗೆ ಅತ್ಯಂತ ಹಿಂದುಳಿದವು ಎಂದು ಮೂರು ಮೆಟ್ಟಿಲುಗಳು.

2002ರ ಜೂನಿನಲ್ಲಿ ವರದಿ ಬಂದಾಗ 114 ತಾಲ್ಲೂಕುಗಳು ಈ ಮೆಟ್ಟಿಲುಗಳ ಮೇಲೆ ನಿಂತಿದ್ದವು. ಅತ್ಯಂತ ಕೆಳಗಿನ ಮೆಟ್ಟಿಲಿನಲ್ಲಿ 39. ಅವುಗಳಲ್ಲಿ 21 ತಾಲ್ಲೂಕುಗಳು ಗುಲ್ಬರ್ಗಾ ವಿಭಾಗವೊಂದರಲ್ಲಿಯೇ ಇದ್ದವು. ಔರಾದ, ಭಾಲ್ಕಿಗಳ ಜತೆಗೆ ಬಸವಕಲ್ಯಾಣ ಮತ್ತು ಹುಮನಾಬಾದುಗಳೂ ಆ ಪಟ್ಟಿಗೆ ಸೇರಿದವು. ಸೋಮೇಶ್ವರನ ರಾಜಧಾನಿ ರಾಜ್ಯದ ತೀರ ಕೆಳಗಿನ ಸಾಲಿನಲ್ಲಿ ನಿಂತದ್ದನ್ನು ಓದಿದವರ ಮನಸ್ಸು ಕಲಕದೆ ಇರದು.

ಆದರೂ ಆ ಪಟ್ಟಿಯಲ್ಲಿ ಹೆಸರು ಬಂದದ್ದು ಈ ತಾಲ್ಲೂಕುಗಳಿಗೆ ಒಂದು ಬಲವಾಯಿತು. ಗೊಣಗಾಟವಾಗಿದ್ದದ್ದು ಈಗ ಹಕ್ಕುಪತ್ರವಾಯಿತು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ವೆಚ್ಚವನ್ನು ಸಮಿತಿ ಸೂಚಿಸಿತ್ತು. ಅದರಲ್ಲಿ 16,000 ಕೋಟಿ ಹೆಚ್ಚುವರಿಯಾಗಿ ಒದಗಿಸಬೇಕಾದ ಹಣ. 2007–08ರಿಂದ ವಿಶೇಷ ಅಭಿವೃದ್ಧಿ ಯೋಜನೆ ಎಂಬ ಹೆಸರಿನಲ್ಲಿ ಅನುದಾನ ಹರಿಯತೊಡಗಿತು. ಹೈದರಾಬಾದು ಕರ್ನಾಟಕಕ್ಕೆ ಸಂವಿಧಾನದಲ್ಲಿಯೇ ವಿಶೇಷ ಸ್ಥಾನ ಬೇಕೆಂಬ ಹೋರಾಟಕ್ಕೂ ಈ ಅಂಕಿಗಳು ಒದಗಿದವು. 98ನೆಯ ತಿದ್ದುಪಡಿಯ ಮೂಲಕ 371(ಜೆ) ವಿಧಿ ಸೇರಿ, 2013ರಲ್ಲಿ ಪ್ರದೇಶಾಭಿವೃದ್ಧಿ ಮಂಡಳಿ ಏರ್ಪಟ್ಟಿತು. ಪ್ರದೇಶದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ 100ಕ್ಕೆ 70 ಸ್ಥಾನಗಳು ಸ್ಥಳೀಯ ವಿದ್ಯಾರ್ಥಿಗಳಿಗೆ ಮೀಸಲಾದವು. 2019ರಲ್ಲಿ ಇಡೀ ಪ್ರದೇಶಕ್ಕೆ 'ಕಲ್ಯಾಣ ಕರ್ನಾಟಕ' ಎಂಬ ಹೆಸರಾಯಿತು. ಶರಣರ ಊರಿನ ಹೆಸರು ಹೀಗೆ ಸೀಮೆಗೆಲ್ಲ ಹರಡಿತು.

ಆಕಾಶದಿಂದ ಬಂದ ಪಾಠ

ಹಣ ಬಂದರೆ ಸಾಲದು; ಖರ್ಚು ಮಾಡುವವರಿಗೆ ತಿಳಿವಳಿಕೆ ಬೇಕು. ಕರ್ನಾಟಕದಲ್ಲಿ ಗ್ರಾಮ ಪಂಚಾಯತಿಗಳೇ ಸುಮಾರು 6,000; ಅವುಗಳ ಸದಸ್ಯರು 90,000ಕ್ಕೂ ಹೆಚ್ಚು. ಐದು ವರ್ಷಕ್ಕೊಮ್ಮೆ ಹೊಸಬರು ಬರುತ್ತಾರೆ. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾದ ಮೇಲೆ, ಮನೆಯಿಂದ ಹೊರಗೆ ಸಭೆಯಲ್ಲಿ ಎಂದೂ ಕುಳಿತಿರದ ಗೃಹಿಣಿಯರೂ ಅಧ್ಯಕ್ಷ ಪೀಠವನ್ನೇರಿದರು. ಇಷ್ಟು ಜನರನ್ನು ಮೈಸೂರಿಗೆ ಕರೆಸಿ ಪಾಠ ಹೇಳುವುದು ಸಾಧ್ಯವೆ? ಬೀದರಿನ ಸದಸ್ಯೆಗೆ ಹೋಗಿಬರುವುದರಲ್ಲಿಯೇ ದಿನಗಳು ಕಳೆಯುತ್ತವೆ. ಕೈಗೂಸಿದ್ದರಂತೂ ಕೇಳುವುದೇ ಬೇಡ.

ಮೈಸೂರಿನಲ್ಲಿ ನಜೀರ್ ಸಾಬರ ಹೆಸರನ್ನೇ ಹೊತ್ತ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯು ಇದಕ್ಕೆ ಉಪಾಯ ಹುಡುಕಿತು. ಉಪಗ್ರಹದ ಮೂಲಕ ಪಾಠವನ್ನು ಪ್ರಸಾರ ಮಾಡುವುದು. ತಾಲ್ಲೂಕು ಕೇಂದ್ರದ ಸಭಾಂಗಣದಲ್ಲಿ ಸದಸ್ಯರು ಕುಳಿತು ಪರದೆಯ ಮೇಲೆ ನೋಡುವುದು. ಸಂದೇಹ ಬಂದರೆ ದೂರವಾಣಿಯಲ್ಲಿ ಮೈಸೂರಿನ ಉಪನ್ಯಾಸಕರನ್ನೇ ಕೇಳುವುದು. ಈ ಶತಮಾನದ ಮೊದಲ ವರ್ಷಗಳಲ್ಲಿ ಆರಂಭವಾದ ಈ ಕ್ರಮಕ್ಕಾಗಿ ತಾಲ್ಲೂಕುಗಳಲ್ಲಿ 'ಸಾಮರ್ಥ್ಯ ಸೌಧ'ಗಳೆಂಬ ತರಬೇತಿ ಮಂದಿರಗಳಾದವು. ಕಾನೂನಿನ ಸೆಕ್ಷನ್ನುಗಳನ್ನು ಒಪ್ಪಿಸುವ ಬದಲು ಗ್ರಾಮಸಭೆ ಹೇಗೆ ಕರೆಯಬೇಕು, ಜಮಾ–ಖರ್ಚು ಹೇಗೆ ಓದಬೇಕು ಎಂಬುದನ್ನು ಕನ್ನಡದಲ್ಲಿ, ನಾಟಕ, ಚಿತ್ರಗಳೊಡನೆ ತಿಳಿಸುವುದು ಇದರ ಉದ್ದೇಶ.

ಪೌರಸಂಸ್ಥೆಗಳ ಕಥೆ ಬೇರೆ. 2011ರ ಜನಗಣತಿಯ ವೇಳೆಗೆ ಬಸವಕಲ್ಯಾಣದ ಜನಸಂಖ್ಯೆ ಸುಮಾರು 70,000. ಹುಮನಾಬಾದಿನದು ಸುಮಾರು 44,000. ಐವತ್ತು ಸಾವಿರ ದಾಟಿದ ಊರು ನಗರಸಭೆ, ಅದಕ್ಕಿಂತ ಕಡಮೆಯದು ಪುರಸಭೆ. ಇವುಗಳ ನೌಕರರಿಗೆಂದು ಮೈಸೂರಿನಲ್ಲಿಯೇ ರಾಜ್ಯ ನಗರಾಭಿವೃದ್ಧಿ ಸಂಸ್ಥೆ ಪ್ರತ್ಯೇಕವಾಗಿ ಸ್ಥಾಪನೆಯಾಯಿತು. 2017ರಲ್ಲಿ ಬೀದರ್–ಕಲಬುರ್ಗಿ ರೈಲುಮಾರ್ಗ ತೆರೆದು ಹುಮನಾಬಾದಿನಲ್ಲಿ ರೈಲು ನಿಂತ ಮೇಲೆ ದಾರಿಯೇನೋ ಸುಗಮವಾಗಿದೆ. ಆದರೆ ದೂರ ಕಡಮೆಯಾಗಿಲ್ಲ.

ಅಂಕಿ ಊರಿಗೆ ಮರಳಲಿ

ಈ ಚರಿತ್ರೆಯನ್ನು ಹಿಂದಿರುಗಿ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಊರಿನಿಂದ ಅಂಕಿ–ಅಂಶಗಳು ರಾಜಧಾನಿಗೆ ಹೋಗುವ ದಾರಿ ಚೆನ್ನಾಗಿ ಸವೆದಿದೆ. ಗುಮಾಸ್ತನು ಬರೆದ ಸಂಖ್ಯೆಗಳು ಪಂಡಿತರ ಮೇಜನ್ನು ಸೇರುತ್ತವೆ. ಅಲ್ಲಿಂದ ದಪ್ಪ ಇಂಗ್ಲಿಷ್ ಸಂಪುಟಗಳಾಗುತ್ತವೆ. ಸಂಪುಟಗಳು ಸಚಿವಾಲಯದ ಕಪಾಟಿಗೆ ಏರುತ್ತವೆ. ಹಿಂದಿರುಗುವ ದಾರಿ ಅಷ್ಟು ಸವೆದಿಲ್ಲ. ತನ್ನ ತಾಲ್ಲೂಕಿನ ಅಂಕಿ 1ಕ್ಕಿಂತ ಎಷ್ಟು ಕೆಳಗಿದೆ, ಅದನ್ನು ಕೆಳಕ್ಕೆಳೆದದ್ದು ನೀರಾವರಿಯೋ ಆಸ್ಪತ್ರೆಯೋ ಹೆಣ್ಣುಮಕ್ಕಳ ಓದೋ ಎಂಬುದನ್ನು ಹುಮನಾಬಾದಿನ ಸಂತೆಯಲ್ಲಿ ನಿಂತ ರೈತನಿಗೆ ಅವನ ಮಾತಿನಲ್ಲಿ ಹೇಳಿದಾಗಲೇ ಆ ವಿದ್ಯೆ ಪೂರ್ಣವಾಗುತ್ತದೆ. ನಿಜಾಮರ ಕಾಲದಲ್ಲಿ ಹೊಲದ ಕಾಗದ ಉರ್ದುವಿನಲ್ಲಿದ್ದುದಕ್ಕೂ ಇಂದು ಅಭಿವೃದ್ಧಿಯ ವರದಿ ಇಂಗ್ಲಿಷಿನಲ್ಲಿರುವುದಕ್ಕೂ ಆ ರೈತನ ಪಾಲಿಗೆ ಹೆಚ್ಚು ಅಂತರವಿಲ್ಲ.

ಒಳ್ಳೆಯ ಲಕ್ಷಣಗಳೂ ಇವೆ. ಪಂಚಾಯತಿಯ ವಿದ್ಯೆಗೆಂದೇ ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ 2016ರಲ್ಲಿ ಆರಂಭವಾಯಿತು. 2023ರಲ್ಲಿ ಬೀದರಿಗೆ ತನ್ನದೇ ಆದ ವಿಶ್ವವಿದ್ಯಾಲಯ ಬಂತು. ನಂಜುಂಡಪ್ಪನವರ ತಕ್ಕಡಿ ಹಳತಾಯಿತೆಂದು ಸರ್ಕಾರವು 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿಯನ್ನು ನೇಮಿಸಿತು. ಇವರು ಹಿಂದೆ ನಾಗರಬಾವಿಯ ಸಂಸ್ಥೆಯ ನಿರ್ದೇಶಕರಾಗಿದ್ದವರೇ. ಹೊಸ ತೂಕ ಹಾಕಬೇಕಾದಾಗ ತಾಲ್ಲೂಕುಗಳ ಲೆಕ್ಕವೂ ಬದಲಾಗಿದೆ: ಹುಮನಾಬಾದಿನಿಂದ ಚಿಟಗುಪ್ಪ, ಬಸವಕಲ್ಯಾಣದಿಂದ ಹುಲಸೂರು ಬೇರೆಯಾಗಿ ಹೊಸ ತಾಲ್ಲೂಕುಗಳಾಗಿವೆ.

ಬೀದರಿನ ಕಾಲೇಜುಗಳಲ್ಲಿ ಅರ್ಥಶಾಸ್ತ್ರ ಓದುವ ಹುಡುಗ ಹುಡುಗಿಯರು ತಮ್ಮ ಊರಿನ ಶಾಲೆ, ಬಾವಿ, ಆಸ್ಪತ್ರೆಗಳನ್ನು ತಾವೇ ಎಣಿಸಿ, ಎಣಿಸಿದ್ದನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿಹೇಳುವಂತಾದರೆ ಅದಕ್ಕೆ ದೊಡ್ಡ ಅನುದಾನವೇನೂ ಬೇಡ. ರಾಜಧಾನಿಯ ಸಮಿತಿಗಳು ಬರುತ್ತವೆ, ಹೋಗುತ್ತವೆ. ಊರನ್ನು ಅಳೆಯಬಲ್ಲವರು ಊರಿನಲ್ಲಿಯೇ ಇದ್ದರೆ, ಮುಂದಿನ ಸಮಿತಿ ಬರುವ ಹೊತ್ತಿಗೆ ಬಸವಕಲ್ಯಾಣವೂ ಹುಮನಾಬಾದೂ ತಮ್ಮ ಲೆಕ್ಕವನ್ನು ಕೈಯಲ್ಲಿ ಹಿಡಿದು ಅದರ ಮುಂದೆ ಕುಳಿತಿರುತ್ತವೆ.